ಲೋಟವೋ, ಕಪ್ಪೋ, ತಕ್ಕಡಿಯೋ? ಗ್ರಾಂ ಲೆಕ್ಕವನ್ನು ಅಳತೆಗೆ ತರುವ ಬಗೆ

ಹೋದ ವರ್ಷ ಚೌತಿಗೆ ನಾಲ್ಕು ದಿನ ಇರುವಾಗ ಅಕ್ಕನ ಮಗಳು ಬೆಂಗಳೂರಿನಿಂದ ಫೋನ್ ಮಾಡಿದಳು. "ಚಿಕ್ಕಮ್ಮ, ಚಕ್ಕುಲಿಗೆ ಅಕ್ಕಿ ಎಷ್ಟು, ಉದ್ದು ಎಷ್ಟು?" ಅಂತ ಕೇಳಿದಳು. "ನಾಲ್ಕಕ್ಕೆ ಒಂದು" ಅಂದೆ. ಶಿರಸಿ ಹತ್ತಿರದ ನಮ್ಮ ತವರುಮನೆಯಲ್ಲಿ ಎಲ್ಲರೂ ಹೇಳುವುದೇ ಹಾಗೆ. ಮರುದಿನ ಸಂಜೆ ಮತ್ತೆ ಫೋನ್ ಬಂತು. ಹಿಟ್ಟು ಸುತ್ತುವಾಗಲೇ ತುಂಡಾಗುತ್ತಿದೆಯಂತೆ. ಕರಿದದ್ದು ಕಲ್ಲಿನ ಹಾಗೆ ಗಟ್ಟಿಯಂತೆ. ಹುಡುಗಿಯ ದನಿಯಲ್ಲಿ ಅಳು ಇತ್ತು.

ತಪ್ಪು ಅವಳದ್ದಲ್ಲ. ನಾನು ಹೇಳಿದ್ದು ಕಾಳಿನ ಲೆಕ್ಕ, ಅವಳು ಅಳೆದಿದ್ದು ಹಿಟ್ಟಿನ ಲೆಕ್ಕ. ಅಂಗಡಿಯಿಂದ ಅಕ್ಕಿ ಹಿಟ್ಟು, ಉದ್ದಿನ ಹಿಟ್ಟು ತಂದು ನಾಲ್ಕು ಕಪ್ಪಿಗೆ ಒಂದು ಕಪ್ ಹಾಕಿದ್ದಳು. ನಾನು ಇಲ್ಲಿ ಕಾರವಾರದ ನನ್ನ ಅಡುಗೆಮನೆಯಲ್ಲಿ ತಕ್ಕಡಿ ಇಟ್ಟುಕೊಂಡು ತೂಗಿ ನೋಡಿದೆ. ಒಂದು ಕಪ್ ಅಕ್ಕಿ 195 ಗ್ರಾಂ. ಒಂದು ಕಪ್ ಉದ್ದಿನ ಬೇಳೆ 200 ಗ್ರಾಂ. ಎರಡೂ ಹೆಚ್ಚು ಕಡಿಮೆ ಒಂದೇ. ಹಾಗಾಗಿ ಕಾಳು ಅಳೆಯುವಾಗ ಕಪ್ಪಿನಲ್ಲಿ ನಾಲ್ಕಕ್ಕೊಂದು ಅಂದರೂ ಸರಿ, ತೂಕದಲ್ಲಿ ನಾಲ್ಕಕ್ಕೊಂದು ಅಂದರೂ ಸರಿ. ಬೀಸಿದ ಮೇಲೆ ಲೆಕ್ಕ ಬದಲಾಗುತ್ತದೆ. ಒಂದು ಕಪ್ ಅಕ್ಕಿ ಹಿಟ್ಟು ಸುಮಾರು 150 ಗ್ರಾಂ ಬಂತು. ಉದ್ದಿನ ಹಿಟ್ಟು ಹಗುರ, ಉಬ್ಬಿಕೊಂಡು ಕೂರುತ್ತದೆ, 115 ಗ್ರಾಂ ಅಷ್ಟೇ. ಅಂದರೆ ನನ್ನ ಕಪ್ಪಿನ ಲೆಕ್ಕದಲ್ಲಿ 600 ಗ್ರಾಂ ಅಕ್ಕಿ ಹಿಟ್ಟಿಗೆ 115 ಗ್ರಾಂ ಉದ್ದು ಬಿದ್ದ ಹಾಗೆ. ಅದು ಐದಕ್ಕೊಂದಕ್ಕಿಂತಲೂ ಕಡಿಮೆ. "ಇನ್ನೂ ಮೂರನೇ ಒಂದು ಕಪ್ ಉದ್ದಿನ ಹಿಟ್ಟು ಸೇರಿಸಿ ನಾದು" ಅಂದೆ. ಉಳಿದ ಹಿಟ್ಟು ಅಷ್ಟರಲ್ಲಿ ಸರಿಹೋಯಿತು.

ಶಿರಸಿ, ಸಿದ್ದಾಪುರದ ಕಡೆ ಚೌತಿಗೆ ಮುಂಚೆ ನೆರೆಹೊರೆಯವರೆಲ್ಲ ಒಂದು ಮನೆಯಲ್ಲಿ ಸೇರಿ ಕೈಚಕ್ಕುಲಿ ಸುತ್ತುತ್ತಾರೆ. ಚಕ್ಕುಲಿ ಕಂಬಳ ಅನ್ನುತ್ತೇವೆ. ಅಲ್ಲಿ ಅಳತೆಯ ಮಾತೇ ಏಳುವುದಿಲ್ಲ. ಅಕ್ಕಿ ಅಳೆದವರು, ಬೀಸಿದವರು, ಸುತ್ತುವವರು ಎಲ್ಲ ಒಂದೇ ಮನೆಯಲ್ಲಿ ಇರುತ್ತಾರೆ. ಅಳತೆಯನ್ನು ಇನ್ನೊಬ್ಬರಿಗೆ ದಾಟಿಸುವಾಗ ಮಾತ್ರ ಕಷ್ಟ ಶುರು. ಈಗ ನಮ್ಮ ಮಕ್ಕಳು ಬೆಂಗಳೂರು, ಪುಣೆ, ಹೊರದೇಶ ಅಂತ ಚದುರಿದ್ದಾರೆ. ಅವರು ನೋಡುವ ಕೇಕಿನ ಪಾಕವಿಧಾನ ಗ್ರಾಂನಲ್ಲಿ ಇರುತ್ತದೆ, ನಾವು ಹೇಳುವ ಕಡುಬು ಲೋಟದಲ್ಲಿ ಇರುತ್ತದೆ. ಎರಡನ್ನೂ ಕೂಡಿಸುವ ದಾರಿ ಬೇಕಲ್ವಾ?

"ಒಂದು ಕಪ್ ಅಂದರೆ ಎಷ್ಟು ಗ್ರಾಂ" ಅನ್ನುವುದಕ್ಕೆ ಒಂದೇ ಉತ್ತರ ಯಾಕಿಲ್ಲ? ಕಪ್ಪಿನೊಳಗೆ ಪದಾರ್ಥದ ಜೊತೆ ಗಾಳಿಯೂ ತುಂಬುತ್ತದೆ. ಎಷ್ಟು ಗಾಳಿ ಅನ್ನುವುದು ಪದಾರ್ಥದ ಮೇಲೂ ಇದೆ, ತುಂಬುವ ಕೈಯ ಮೇಲೂ ಇದೆ. ಒಂದು ಮಧ್ಯಾಹ್ನ ಕೂತು ಮೈದಾವನ್ನು ಮೂರು ರೀತಿ ಅಳೆದೆ. ಡಬ್ಬಿಯೊಳಗೆ ಮೊದಲು ಚಮಚದಿಂದ ಕೆದಕಿ, ಮೆಲ್ಲಗೆ ಕಪ್ಪಿಗೆ ಉದುರಿಸಿ, ಚಾಕುವಿನ ಬೆನ್ನಿನಿಂದ ಅಂಚಿಗೆ ಸವರಿದಾಗ 122 ಗ್ರಾಂ. ಕಪ್ಪನ್ನೇ ಡಬ್ಬಿಗೆ ಅದ್ದಿ ಎತ್ತಿ ಸವರಿದಾಗ 146. ತುಂಬಿಸಿ ಕಟ್ಟೆ ಮೇಲೆ ಎರಡು ಸಲ ಕುಟ್ಟಿ ಮತ್ತೆ ತುಂಬಿಸಿದಾಗ 160 ದಾಟಿತು. ಅದೇ ಕಪ್, ಅದೇ ಮೈದಾ, ಅದೇ ಕೈ. ಅಕ್ಕಿಯನ್ನೂ ಹಾಗೇ ಮೂರು ರೀತಿ ಅಳೆದೆ. 194, 196, 201. ಅಷ್ಟೇ ವ್ಯತ್ಯಾಸ.

ನನ್ನ ಮಟ್ಟಿಗೆ ಇಡೀ ವಿಷಯ ಇಲ್ಲೇ ಇದೆ. ಕಾಳು, ಬೇಳೆ, ಸಕ್ಕರೆ ತಾವಾಗಿಯೇ ಒಂದಕ್ಕೊಂದು ತಾಗಿ ಕೂರುತ್ತವೆ, ಯಾರು ಅಳೆದರೂ ಹೆಚ್ಚು ಕಡಿಮೆ ಒಂದೇ. ಇವನ್ನು ಲೋಟದಲ್ಲೋ ಕಪ್ಪಿನಲ್ಲೋ ಅಳೆಯಿರಿ. ಹಿಟ್ಟು, ಕಾಯಿತುರಿ, ಅವಲಕ್ಕಿ, ಬೆಲ್ಲದ ಹೆಂಟೆ, ಹರಳುಪ್ಪು ಹಾಗಲ್ಲ. ಇವುಗಳಿಗೆ ತಕ್ಕಡಿ ಬೇಕು.

ಮೊದಲು ಲೋಟ. ಮನೆಯ ಸ್ಟೀಲ್ ಲೋಟದಷ್ಟು ಅನುಕೂಲ ಇನ್ಯಾವುದೂ ಇಲ್ಲ. ಅನ್ನ, ನೀರುದೋಸೆ, ಇಡ್ಲಿ, ಉಪ್ಪಿಟ್ಟು, ಪಾಯಸ ಎಲ್ಲ ಪ್ರಮಾಣದ ಅಡುಗೆ. ಒಂದಕ್ಕೆ ಎರಡು, ಎರಡಕ್ಕೆ ಒಂದು ಅಂತ ನಡೆಯುತ್ತದೆ. ಎಲ್ಲವನ್ನೂ ಒಂದೇ ಲೋಟದಲ್ಲಿ ಅಳೆದರೆ ಲೋಟ ಎಷ್ಟು ದೊಡ್ಡದು ಅನ್ನುವುದು ಮುಖ್ಯವೇ ಅಲ್ಲ. ಲೋಟದ ತೊಂದರೆ ಅದು ಮನೆ ಬಿಟ್ಟು ಹೊರಗೆ ಹೋದಾಗ. ಅಕ್ಕಿ ಅಳೆಯುವ ಹಳೆಯ ಪಾತ್ರೆ ಸಿದ್ದೆಯ ಕಥೆಯೂ ಇದೇ. ತವರಿನ ಸಿದ್ದೆಯನ್ನೂ ಪಕ್ಕದ ಮನೆಯ ಸಿದ್ದೆಯನ್ನೂ ಒಮ್ಮೆ ಅಕ್ಕಿ ತುಂಬಿಸಿ ನೋಡಿದ್ದೆ. ಒಂದಕ್ಕಿಂತ ಇನ್ನೊಂದು ಒಂದು ಹಿಡಿ ದೊಡ್ಡದಿತ್ತು. ಅವರವರ ಮನೆಯಲ್ಲಿ ಎರಡೂ ಸರಿಯೇ.

ಅಳತೆ ಕಪ್ಪಿನ ಸೆಟ್ಟು ಎರಡನೆಯದು. ಒಂದು, ಅರ್ಧ, ಮೂರನೇ ಒಂದು, ಕಾಲು ಅಂತ ನಾಲ್ಕು ಕಪ್ ಇರುತ್ತವೆ. ಕೊಳ್ಳುವಾಗ ಹಿಡಿಯ ಮೇಲೋ ತಳದಲ್ಲೋ ಎಷ್ಟು ಮಿಲಿ ಅಂತ ಬರೆದಿದೆ ನೋಡಿ. ಕೆಲವು 240 ಮಿಲಿ, ಕೆಲವು 250. ಎಲ್ಲ ಪದಾರ್ಥವನ್ನೂ ಅದೇ ಸೆಟ್ಟಿನಲ್ಲಿ ಅಳೆದರೆ ಈ 10 ಮಿಲಿಗೆ ತಲೆಕೆಡಿಸಿಕೊಳ್ಳಬೇಡಿ. ಅಮೆರಿಕದವರ ಕಪ್ ಸುಮಾರು 237 ಮಿಲಿ, ಆಸ್ಟ್ರೇಲಿಯಾದ್ದು 250. ಆದರೆ ಒಂದು ಕಪ್ಪಿನ ಬಗ್ಗೆ ಎಚ್ಚರ ಬೇಕು. ಎಲೆಕ್ಟ್ರಿಕ್ ರೈಸ್ ಕುಕ್ಕರ್ ಜೊತೆ ಬರುವ ಪ್ಲಾಸ್ಟಿಕ್ ಕಪ್ ಸಾಮಾನ್ಯವಾಗಿ 180 ಮಿಲಿ. ಅದು ಜಪಾನಿನ ಅಕ್ಕಿ ಅಳತೆಯಿಂದ ಬಂದದ್ದು. ನಮ್ಮ ಅಳತೆ ಕಪ್ಪಿನ ಮುಕ್ಕಾಲು ಮಾತ್ರ. ಅಕ್ಕನ ಮಗಳ ಹತ್ತಿರ ಇದ್ದದ್ದು ಆ ಕಪ್ಪೇ! ಚಕ್ಕುಲಿಯಲ್ಲಿ ಅದರಿಂದ ಏನೂ ಆಗಲಿಲ್ಲ, ಎರಡನ್ನೂ ಅದರಲ್ಲೇ ಅಳೆದಿದ್ದಳು. ಕೇಕಿನಲ್ಲಾದರೆ ಮೊಟ್ಟೆ ಇಡಿಯಾಗಿ ಬೀಳುತ್ತದೆ, ಬೆಣ್ಣೆ ಪ್ಯಾಕೆಟ್ಟಿನ ಲೆಕ್ಕದಲ್ಲಿ ಬೀಳುತ್ತದೆ, ಹಿಟ್ಟು ಮಾತ್ರ ಕಾಲು ಪಾಲು ಕಡಿಮೆಯಾಗುತ್ತದೆ.

ಗೆರೆ ಹಾಕಿದ ಜಗ್ಗೂ ಸಿಗುತ್ತದೆ. ಒಂದು ಬದಿ ಹಿಟ್ಟು, ಇನ್ನೊಂದು ಬದಿ ಸಕ್ಕರೆ ಅಂತ ಗ್ರಾಂ ಬರೆದಿರುತ್ತಾರೆ. ನೀರು, ಹಾಲಿಗೆ ಚೆನ್ನ. ಹಿಟ್ಟಿಗೆ ನಾನು ನಂಬುವುದಿಲ್ಲ. ಒಳಗೆ ಹಿಟ್ಟು ದಿಬ್ಬ ಕಟ್ಟಿ ನಿಲ್ಲುತ್ತದೆ, ಸಮ ಮಾಡಲು ಕುಲುಕಿದರೆ ಕುಸಿಯುತ್ತದೆ.

ಇನ್ನು ಡಿಜಿಟಲ್ ತಕ್ಕಡಿ. 5 ಕಿಲೋ ತನಕ ತೂಗುವ, 1 ಗ್ರಾಂ ತೋರಿಸುವ ಸಾದಾ ಯಂತ್ರ 500 ರೂಪಾಯಿಯೊಳಗೆ ಸಿಗುತ್ತದೆ. ಸೆಲ್ ಹಾಕಿದರೆ ಸಾಕು, ಮಳೆಗಾಲದಲ್ಲಿ ಕರೆಂಟ್ ಇರಲಿ ಇಲ್ಲದಿರಲಿ ನಡೆಯುತ್ತದೆ. ಪಾತ್ರೆ ಇಟ್ಟು ಸೊನ್ನೆಯ ಗುಂಡಿ ಒತ್ತಿದರೆ ಪಾತ್ರೆಯ ತೂಕ ಕಳೆದುಹೋಗುತ್ತದೆ. ಅದೇ ಪಾತ್ರೆಗೆ ಮೈದಾ ಹಾಕಿ, ಮತ್ತೆ ಸೊನ್ನೆ ಒತ್ತಿ, ಸಕ್ಕರೆ ಹಾಕಿ. ತೊಳೆಯುವ ಪಾತ್ರೆಯೂ ಕಡಿಮೆ. ಸಮನಾದ ಕಟ್ಟೆ ಮೇಲೆ ಇಡಿ, ಬಟ್ಟೆ ಹಾಸಿ ಅದರ ಮೇಲೆ ಇಡಬೇಡಿ. ಚಿಟಿಕೆ ಚಿಟಿಕೆಯಾಗಿ ಉದುರಿಸಿದರೆ ಕೆಲವು ಯಂತ್ರ ಆ ತೂಕವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾಗಾಗಿ ಚಮಚ ಚಮಚವಾಗಿ ಹಾಕಿ, ಕೊನೆಯಲ್ಲಿ ಪಾತ್ರೆ ಒಮ್ಮೆ ಎತ್ತಿ ಇಟ್ಟು ನೋಡಿ. ಸರಿ ತೂಗುತ್ತಿದೆಯೋ ಇಲ್ಲವೋ ಅಂತ ಅನುಮಾನ ಬಂದರೆ ಒಡೆಯದ 1 ಕಿಲೋ ಸಕ್ಕರೆ ಪ್ಯಾಕೆಟ್ ಇಡಿ. ಕವರಿನ ತೂಕ ಸೇರಿ 1000ಕ್ಕಿಂತ ನಾಲ್ಕಾರು ಗ್ರಾಂ ಜಾಸ್ತಿ ತೋರಿಸಬೇಕು.

ಹಾಗಾದರೆ ಎಲ್ಲವನ್ನೂ ತೂಗುವುದಾ? ಬೇಡ. ನಾನು ಹೇಳುವುದು ಇಷ್ಟು. ತಕ್ಕಡಿ ತನ್ನಿ, ಒಂದು ದಿನ ಕೂತು ನಿಮ್ಮ ಮನೆಯ ಲೋಟವನ್ನು ಅದರಲ್ಲಿ ಪರಿಚಯ ಮಾಡಿಕೊಳ್ಳಿ. ಖಾಲಿ ಲೋಟ ಇಟ್ಟು ಸೊನ್ನೆ ಒತ್ತಿ, ಅಂಚಿನ ತನಕ ನೀರು ತುಂಬಿಸಿ. ನೀರಿನ ಗ್ರಾಂ ಎಷ್ಟೋ ಲೋಟ ಅಷ್ಟು ಮಿಲಿ. ನಮ್ಮದು 210 ಬಂತು. ಆಮೇಲೆ ನೀವು ದಿನಾ ಬಳಸುವ ಹತ್ತು ಪದಾರ್ಥ ಒಂದೊಂದು ಲೋಟ ತೂಗಿ, ಕಾಗದದಲ್ಲಿ ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸಿ. ಆ ಕಾಗದ ಇರುವ ತನಕ ದಿನದ ಅಡುಗೆಗೆ ಲೋಟವೇ ಸಾಕು.

ತಕ್ಕಡಿ ಇಲ್ಲದವರಿಗೂ ದಾರಿ ಇದೆ. ಅಂಗಡಿಯ ಪ್ಯಾಕೆಟ್ಟಿನ ಮೇಲೆ ತೂಕ ಬರೆದೇ ಇರುತ್ತದೆ, ಬರೆಯಲೇಬೇಕು ಅಂತ ಕಾನೂನು ಇದೆ. 1 ಕಿಲೋ ಸಕ್ಕರೆ ತಂದ ದಿನ ಡಬ್ಬಿಗೆ ಸುರಿಯುವ ಬದಲು ಲೋಟದಲ್ಲಿ ಅಳೆದು ಹಾಕಿ. ಐದೂ ಮುಕ್ಕಾಲು ಲೋಟ ಆಯಿತು ಅಂದುಕೊಳ್ಳಿ. 1000ವನ್ನು 5.75ರಿಂದ ಭಾಗಿಸಿದರೆ ಲೋಟಕ್ಕೆ 174 ಗ್ರಾಂ. ಅರ್ಧ ಕಿಲೋ ರವೆಗೂ ಹೀಗೇ ಮಾಡಿ. ಲೋಟ ಎಷ್ಟು ಮಿಲಿ ಅಂತ ತಿಳಿಯಲು ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಸಾಕು.

ನಿಮ್ಮದೇ ಪಟ್ಟಿ ತಯಾರಾಗುವ ತನಕ ನನ್ನದನ್ನು ಇಟ್ಟುಕೊಳ್ಳಿ. ಎಲ್ಲ 240 ಮಿಲಿ ಕಪ್ಪಿಗೆ, ಅಂಚಿಗೆ ಸವರಿದ ಅಳತೆ.

ಅಕ್ಕಿ: 190ರಿಂದ 200 ಗ್ರಾಂ
ತೊಗರಿ, ಕಡಲೆ, ಉದ್ದಿನ ಬೇಳೆ: 200ರ ಆಸುಪಾಸು
ಸಕ್ಕರೆ: 200, ಪುಡಿ ಮಾಡಿದ್ದಾದರೆ 120
ಸಣ್ಣ ರವೆ: 165ರಿಂದ 175
ಅಕ್ಕಿ ಹಿಟ್ಟು: 150
ಗೋಧಿ ಹಿಟ್ಟು, ಮೈದಾ: 120ರಿಂದ 130, ಕೆದಕಿ ಮೆಲ್ಲಗೆ ತುಂಬಿಸಿದರೆ
ಕಡಲೆ ಹಿಟ್ಟು: ಜರಡಿ ಹಿಡಿದದ್ದು 100ರ ಹತ್ತಿರ
ಎಳ್ಳು, ಶೇಂಗಾ: 145
ಕಾಯಿತುರಿ: 80ರಿಂದ 100, ಒತ್ತದೆ

ಲೆಕ್ಕ ಸುಲಭ. ಬೇಕಾದ ಗ್ರಾಂ ಅನ್ನು ಒಂದು ಕಪ್ಪಿನ ಗ್ರಾಂನಿಂದ ಭಾಗಿಸಿ. 250 ಗ್ರಾಂ ಮೈದಾ ಅಂದರೆ ಎರಡು ಕಪ್. 250 ಗ್ರಾಂ ಸಕ್ಕರೆ ಒಂದೂಕಾಲು ಕಪ್. 300 ಗ್ರಾಂ ರವೆ ಒಂದೂಮುಕ್ಕಾಲು. ಉಳಿಕೆ ಬಂದರೆ ದೊಡ್ಡ ಚಮಚ. 15 ಮಿಲಿಯ ಚಮಚದಲ್ಲಿ 16 ಹಾಕಿದರೆ 240 ಮಿಲಿಯ ಒಂದು ಕಪ್, ನಾಲ್ಕು ಹಾಕಿದರೆ ಕಾಲು ಕಪ್.

ಅಕ್ಕಿಯನ್ನು ನೆನೆಸುವ ಮುಂಚೆಯೇ ಅಳೆಯಬೇಕು, ಇದನ್ನು ಮಕ್ಕಳಿಗೆ ಬಾಯಿಬಿಟ್ಟು ಹೇಳಿ. ನೆನೆದ ಅಕ್ಕಿ ನೀರು ಕುಡಿದು ತೂಕವೂ ಏರುತ್ತದೆ, ಉಬ್ಬುತ್ತದೆ ಕೂಡ. ನಮಗೆ ಇದು ಹೇಳುವ ಮಾತೇ ಅಲ್ಲ. ಹೊಸದಾಗಿ ಕಲಿಯುವವರಿಗೆ ಗೊತ್ತಿರುವುದಿಲ್ಲ.

ಅವಲಕ್ಕಿಗೆ ನಾನು ಪಟ್ಟಿಯಲ್ಲಿ ಅಂಕಿ ಕೊಟ್ಟಿಲ್ಲ. ತೆಳು ಅವಲಕ್ಕಿ ಕಪ್ಪಿನೊಳಗೆ ಅಡ್ಡ ಉದ್ದ ಬಿದ್ದು ಮಧ್ಯೆ ಪೂರಾ ಗಾಳಿ. ದಪ್ಪ ಅವಲಕ್ಕಿ ಅದರ ಸುಮಾರು ಎರಡರಷ್ಟು ತೂಗುತ್ತದೆ. ತೂಗುವುದೊಂದೇ ದಾರಿ. ಹೆಂಟೆ ಬೆಲ್ಲವೂ ಹಾಗೇ. ಕುಟ್ಟಿದ್ದು ಎಷ್ಟು ಸಣ್ಣಗಾಗಿದೆಯೋ ಅಷ್ಟು ಬೇರೆ ಬೇರೆ. ನಮ್ಮ ಜೋನಿ ಬೆಲ್ಲ ಒಣ ಪದಾರ್ಥ ಅಲ್ಲದಿದ್ದರೂ ಇಲ್ಲಿ ಹೇಳಲೇಬೇಕು, ಯಾಕೆಂದರೆ ಬೆಲ್ಲ ಅಂತ ಬರೆದಲ್ಲಿ ನಾವು ಅದನ್ನೇ ಸುರಿಯುತ್ತೇವೆ. ಅದು ನೀರಿಗಿಂತ ಭಾರ. ಒಂದು ಕಪ್ 330 ಗ್ರಾಂ ದಾಟುತ್ತದೆ. ಕಾಲು ಕಿಲೋ ಅಂದರೆ ಮುಕ್ಕಾಲು ಕಪ್ ಅಷ್ಟೇ. ಅದರಲ್ಲಿ ನೀರಿನ ಅಂಶವೂ ಇರುವುದರಿಂದ ಹಿಟ್ಟಿಗೆ ಹಾಕುವ ನೀರು ಕಡಿಮೆ ಮಾಡಿ.

ಉಪ್ಪಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮ ಕಡೆ ಉಪ್ಪಿನಕಾಯಿಗೆ ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಹರಳುಪ್ಪೇ ಬೇಕು ಅನ್ನುವವರು ಜಾಸ್ತಿ. ಪೇಟೆಯಲ್ಲಿರುವ ಮಕ್ಕಳ ಡಬ್ಬಿಯಲ್ಲಿ ಇರುವುದು ಪುಡಿ ಉಪ್ಪು. ಹರಳಿನ ಮಧ್ಯೆ ಸಂದು ಇರುತ್ತದೆ, ಪುಡಿಯಲ್ಲಿ ಇರುವುದಿಲ್ಲ. ಒಂದು ಚಮಚ ತೂಗಿದರೆ 1 ಗ್ರಾಂ ತೋರಿಸುವ ಯಂತ್ರಕ್ಕೆ ವ್ಯತ್ಯಾಸ ಸರಿಯಾಗಿ ಗೊತ್ತಾಗುವುದಿಲ್ಲ. ಅದಕ್ಕೆ ಹತ್ತು ಚಮಚ ತೂಗಿ ಹತ್ತರಿಂದ ಭಾಗಿಸಿ. 5 ಮಿಲಿಯ ಸಣ್ಣ ಚಮಚ, ಅಂಚಿಗೆ ಸವರಿದ್ದು. ಪುಡಿ ಉಪ್ಪು ಹತ್ತು ಚಮಚಕ್ಕೆ 60 ಗ್ರಾಂ ಬಂತು. ನಮ್ಮ ಡಬ್ಬಿಯ ಹರಳು 45. ಅಂದರೆ ನಾಲ್ಕು ಚಮಚ ಹರಳುಪ್ಪಿನ ಜಾಗಕ್ಕೆ ಮೂರು ಚಮಚ ಪುಡಿ. ತೂಗಿ ಹಾಕಿದರೆ ಈ ಪೇಚಾಟವೇ ಇಲ್ಲ, 100 ಗ್ರಾಂ ಉಪ್ಪು ಹೇಗಿದ್ದರೂ 100 ಗ್ರಾಂ. ಜೂನ್, ಜುಲೈಯಲ್ಲಿ ಮಾತ್ರ ಹರಳು ನೀರೊಡೆದು ಒದ್ದೆಯಾಗಿರುತ್ತದೆ. ಆಗ ಉಪ್ಪಿನ ಜೊತೆ ನೀರನ್ನೂ ತೂಗಿದ ಹಾಗೆ. ಉಪ್ಪಿನಕಾಯಿಯ ಉಪ್ಪನ್ನು ಬೇಸಿಗೆಯಲ್ಲೇ ಒಣಗಿಸಿ ತೂಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಹಿಟ್ಟಿಗೂ ಕರಾವಳಿಯ ಮಳೆಗಾಲ ಕಷ್ಟವೇ. ಕಾರವಾರದಲ್ಲಿ ಡಬ್ಬಿ ಮುಚ್ಚಳ ಸಡಿಲ ಇದ್ದರೆ ಮೈದಾ ಉಂಡೆ ಕಟ್ಟುತ್ತದೆ. ತೂಕ ಸ್ವಲ್ಪವೇ ಏರುತ್ತದೆ, ಕಪ್ಪಿನೊಳಗೆ ಕೂರುವ ರೀತಿ ಮಾತ್ರ ಪೂರಾ ಬದಲು. ಜರಡಿ ಹಿಡಿದು ಆಮೇಲೆ ಅಳೆಯಿರಿ.

ಅಡುಗೆ ಸೋಡಾ, ಏಲಕ್ಕಿ ಪುಡಿ, ಯೀಸ್ಟ್ ಇವಕ್ಕೆ ಚಮಚವೇ ಒಳ್ಳೆಯದು. 5 ಗ್ರಾಂಗಿಂತ ಕಡಿಮೆ ಇರುವುದನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಬೇಡಿ. ಸೋಡಾ ಒಂದು ಸಣ್ಣ ಚಮಚ ಸುಮಾರು 5 ಗ್ರಾಂ, ಒಣ ಯೀಸ್ಟ್ 3 ಗ್ರಾಂ.

ಅಜ್ಜಿಯ ಕೈಬರಹದ ಪುಸ್ತಕ ಕೆಲವರ ಮನೆಯಲ್ಲಿ ಇನ್ನೂ ಇದೆ. ಸೇರು, ಪಾವು, ಛಟಾಕು ಅಂತ ಬರೆದಿರುತ್ತಾರೆ. 1956ರ ಕಾಯ್ದೆಯ ಮೇಲೆ ಕಿಲೋ, ಲೀಟರ್ ಬಂದವು. ಅದಕ್ಕೆ ಮುಂಚಿನ 80 ತೊಲದ ಸೇರು ಅಂದರೆ 933 ಗ್ರಾಂ. ಪಾವು ಅದರ ಕಾಲು ಭಾಗ, 233. ಛಟಾಕು 58. ಈಗ ಚಿನ್ನದ ಅಂಗಡಿಯಲ್ಲಿ ತೊಲ ಅಂದರೆ 10 ಗ್ರಾಂ ಅನ್ನುತ್ತಾರೆ, ಹಳೆಯ ತೊಲ 11.66. ಇನ್ನೊಂದು ಗಮನಿಸಿ. ಸೇರು ತೂಕವೂ ಹೌದು, ಅಳೆಯುವ ಪಾತ್ರೆಯೂ ಹೌದು. ಬೆಲ್ಲ ಅರ್ಧ ಸೇರು ಅಂದಿದ್ದರೆ ತೂಕ ಇರಬಹುದು, ಅಕ್ಕಿ ಅರ್ಧ ಸೇರು ಅಂದಿದ್ದರೆ ಪಾತ್ರೆಯೇ ಇರಬಹುದು. ಆ ಪಾತ್ರೆ ಅಟ್ಟದ ಮೇಲೆ ಇದ್ದರೆ ಇಳಿಸಿ, ತೊಳೆದು, ನೀರು ತುಂಬಿಸಿ ತೂಗಿ. ಪುಸ್ತಕ ಓದುವುದು ಆಮೇಲೆ ಸುಲಭ.

ಯಾರಿಗೆ ಯಾವುದು ಅಂತ ಕೇಳಿದರೆ, ಮನೆಮಟ್ಟಿಗೆ ಅನ್ನ, ತಿಂಡಿ ಮಾಡುವವರಿಗೆ ಲೋಟ ಮತ್ತು ಕಪಾಟಿನ ಆ ಕಾಗದ. ಪಿಜಿಯಲ್ಲೋ ಬಾಡಿಗೆ ಕೋಣೆಯಲ್ಲೋ ಇರುವ ಮಕ್ಕಳಿಗೆ ಮಿಲಿ ಬರೆದ ಒಂದು ಕಪ್. ಕೇಕ್ ಮಾಡುವವರು, ಹಬ್ಬಕ್ಕೆ ಉಂಡೆ, ಚಕ್ಕುಲಿ ಮಾಡಿ ಮಾರುವವರು ತಕ್ಕಡಿ ಇಲ್ಲದೆ ಶುರು ಮಾಡಬೇಡಿ. ಗಿರಾಕಿಗೆ ಹೋದ ಸಲದ ರುಚಿಯೇ ಬೇಕು, ಅದು ಕಪ್ಪಿನ ಮೈದಾದಲ್ಲಿ ಸಿಗುವುದು ಕಷ್ಟ. ದೂರದಲ್ಲಿರುವವರಿಗೆ ಬರೆದು ಕಳಿಸುವಾಗ ಗ್ರಾಂ ಬರೆಯಿರಿ, ಪಕ್ಕದಲ್ಲಿ ಅವರ ಹತ್ತಿರ ಇರುವ ಪಾತ್ರೆಯ ಲೆಕ್ಕವನ್ನೂ ಬರೆಯಿರಿ.

ಈ ಸಲ ಚೌತಿಗೆ ಅಕ್ಕನ ಮಗಳಿಗೆ ಕಳಿಸಿದ ಚೀಟಿ ಹೀಗಿದೆ. ಅಕ್ಕಿ 800 ಗ್ರಾಂ, ತೊಳೆಯುವ ಮುಂಚೆ ಅಳೆದದ್ದು, ನಿನ್ನ ಕುಕ್ಕರ್ ಕಪ್ಪಿನಲ್ಲಿ ಐದೂವರೆ. ಉದ್ದಿನ ಬೇಳೆ 200 ಗ್ರಾಂ, ಹುರಿಯುವ ಮುಂಚೆ ಅಳೆದದ್ದು, ಅದೇ ಕಪ್ಪಿನಲ್ಲಿ ಒಂದು ಮತ್ತು ಮೂರನೇ ಒಂದು. ಬೀಸಿದ ಮೇಲೆ ಮತ್ತೆ ಅಳೆಯಬೇಡ. ಬೆಣ್ಣೆ 50 ಗ್ರಾಂ, 100 ಗ್ರಾಂ ಪ್ಯಾಕೆಟ್ಟಿನಲ್ಲಿ ಅರ್ಧ. ಉಪ್ಪು ಪುಡಿಯಾದರೆ 3 ಸಣ್ಣ ಚಮಚ, ನಾನು ಕೊಟ್ಟ ಹರಳಾದರೆ 4.